ಹೊರಗಿನವರಿಗೆ ಅಂಜಿದ ಕಥೆಗಾರ

(ಬಾನುಲಿ ಭಾಷಣ)

ಹಲವು ವರ್ಷಗಳ ಹಿಂದೆ ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ, ಹಳೆಯ ಪುಸ್ತಕಗಳನ್ನು ಹರವಿಕೊಂಡು ಕುಳಿತಿದ್ದ ವ್ಯಾಪಾರಿಯೊಬ್ಬನಿಂದ ನಾನೊಂದು ಇಂಗ್ಲಿಷ್ ಕಥಾಸಂಕಲನವನ್ನು ಕೊಂಡುಕೊಂಡೆ. ಭಯಾನಕ ಕಥೆಗಳ ಪುಸ್ತಕ. ಬರೆದವನು ಅಮೆರಿಕದ ಎಚ್. ಪಿ. ಲವ್‌ಕ್ರಾಫ್ಟ್. ಆ ಬಗೆಯ ಕಥೆಗಳಲ್ಲಿ ನನಗೆ ಹೇಳಿಕೊಳ್ಳುವಂಥ ಆಸಕ್ತಿಯೇನೂ ಇರಲಿಲ್ಲ. ನನ್ನ ಕೈಯನ್ನು ತಡೆದು ನಿಲ್ಲಿಸಿದ್ದು ಕಥೆಗಾರನ ಹೆಸರಲ್ಲ, ಸಂಪಾದಕರ ಹೆಸರು. ಎಸ್. ಟಿ. ಜೋಷಿ ಎಂದಿತ್ತು. ಅಮೆರಿಕದ ಒಬ್ಬ ಭಯಾನಕ ಕಥೆಗಾರನಿಗೂ ನಮ್ಮ ಕಡೆಯ ಜೋಷಿಯೊಬ್ಬರಿಗೂ ಏನು ನಂಟು ಎಂಬ ಕುತೂಹಲದಿಂದ ಕೊಂಡ ಪುಸ್ತಕ ಅದು. ಆ ಕುತೂಹಲ ನನ್ನನ್ನು ಬಹು ದೂರ ಕೊಂಡೊಯ್ದಿತು. ಆ ದಾರಿಯಲ್ಲಿ ನಾನು ಕಂಡದ್ದನ್ನು ಈ ಹೊತ್ತು ಕೇಳುಗರೊಡನೆ ಹಂಚಿಕೊಳ್ಳಬೇಕೆಂದಿದ್ದೇನೆ.

ಹೊವಾರ್ಡ್ ಫಿಲಿಪ್ಸ್ ಲವ್‌ಕ್ರಾಫ್ಟ್ ಹುಟ್ಟಿದ್ದು 1890ರ ಆಗಸ್ಟ್ 20ರಂದು, ಅಮೆರಿಕದ ಈಶಾನ್ಯಭಾಗದ ರೋಡ್ ಐಲೆಂಡ್ ಸಂಸ್ಥಾನದ ಪ್ರಾವಿಡೆನ್ಸ್ ಎಂಬ ಹಳೆಯ ಊರಿನಲ್ಲಿ. ತಂದೆ ಊರೂರು ತಿರುಗಿ ಸರಕು ಮಾರುವ ಕೆಲಸದವನು. ಮಗುವಿಗೆ ಇನ್ನೂ ಮೂರು ವರ್ಷ ತುಂಬುವ ಮುನ್ನವೇ ತಂದೆಗೆ ಬುದ್ಧಿಭ್ರಮಣೆಯಾಗಿ ಆತನನ್ನು ಬಟ್ಲರ್ ಎಂಬ ಮಾನಸಿಕ ಚಿಕಿತ್ಸಾಲಯಕ್ಕೆ ಸೇರಿಸಬೇಕಾಯಿತು. 1898ರಲ್ಲಿ ಆತ ಅಲ್ಲಿಯೇ ತೀರಿಕೊಂಡ. ಹುಡುಗ ಬೆಳೆದದ್ದು ತಾಯಿಯ ತಂದೆಯ ಮನೆಯಲ್ಲಿ. ಅಜ್ಜ ಸಿರಿವಂತ, ತಾನೇ ಕಟ್ಟಿದ ಭಯದ ಕಥೆಗಳನ್ನು ಮೊಮ್ಮಗನಿಗೆ ಹೇಳುತ್ತಿದ್ದ ರಸಿಕ. ಮನೆಯ ಪುಸ್ತಕಭಂಡಾರದಲ್ಲಿ ಅರೇಬಿಯನ್ ನೈಟ್ಸ್ ಓದಿದ ಹುಡುಗ ತನ್ನ ಐದನೆಯ ವಯಸ್ಸಿಗೇ ಅಬ್ದುಲ್ ಅಲ್‌ಹಜ್ರೆದ್ ಎಂಬ ಅರಬ್ಬೀ ವೇಷವನ್ನು ತೊಟ್ಟು ಆಡುತ್ತಿದ್ದನಂತೆ. 1904ರಲ್ಲಿ ಅಜ್ಜ ಗತಿಸಿದ. ಆಸ್ತಿ ಕರಗಿತು, ಹುಟ್ಟಿದ ಮನೆ ಕೈಬಿಟ್ಟಿತು. ತಾಯಿ ಮಗ ಸಣ್ಣದೊಂದು ಬಾಡಿಗೆ ಮನೆಗೆ ನಡೆದರು. ಮುಂದೆ 1919ರಲ್ಲಿ ತಾಯಿಯನ್ನೂ ಅದೇ ಬಟ್ಲರ್ ಆಸ್ಪತ್ರೆಗೆ ಸೇರಿಸಬೇಕಾಯಿತು. ಎರಡು ವರ್ಷಗಳ ತರುವಾಯ ಆಕೆಯೂ ಅಲ್ಲಿಂದ ಹಿಂದಿರುಗಲಿಲ್ಲ.

ಈ ಹುಡುಗನಿಗೆ ಖಗೋಳಶಾಸ್ತ್ರದಲ್ಲಿ ಅಪಾರವಾದ ಮೋಹ. ಹದಿಮೂರನೆಯ ವಯಸ್ಸಿಗೆ ನಕ್ಷತ್ರಗಳನ್ನು ಕುರಿತ ಪತ್ರಿಕೆಯೊಂದನ್ನು ಕೈಯಿಂದ ಬರೆದು, ಜಿಲೆಟಿನ್ ತಟ್ಟೆಯ ಮೇಲೆ ಪ್ರತಿ ತೆಗೆದು ನೆರೆಹೊರೆಯವರಿಗೆ ಹಂಚುತ್ತಿದ್ದ. ನಮ್ಮ ಶಾಲೆಗಳಲ್ಲಿ ಕೈಬರಹದ ಪತ್ರಿಕೆಗಳನ್ನು ತಂದವರಿಗೆ ಆ ಸಂತೋಷ ಎಂಥದೆಂಬುದು ಗೊತ್ತು. ಖಗೋಳವಿಜ್ಞಾನಿಯಾಗಬೇಕೆಂಬ ಆಸೆ ಗಣಿತದ ಬಂಡೆಗೆ ಬಡಿದು ಒಡೆಯಿತು. 1908ರಲ್ಲಿ ಮನಸ್ಸು ಕುಸಿದು ಪ್ರೌಢಶಾಲೆಯನ್ನು ಪೂರೈಸದೆಯೇ ಬಿಟ್ಟ. ಅನಂತರದ ಐದು ವರ್ಷ ಆತ ಮನೆಯ ಬಾಗಿಲು ದಾಟಿದ್ದೇ ಅಪರೂಪ.

ಅವನನ್ನು ಹೊರಕ್ಕೆ ಕರೆದದ್ದು ಒಂದು ಜಗಳ. 'ಆರ್ಗೊಸಿ' ಎಂಬ ಕಥಾಪತ್ರಿಕೆಯಲ್ಲಿ ಬರುತ್ತಿದ್ದ ಪ್ರೇಮಕಥೆಗಳನ್ನು ಹಳಿದು 1913ರಲ್ಲಿ ಲವ್‌ಕ್ರಾಫ್ಟ್ ಸಂಪಾದಕನಿಗೊಂದು ಕಾಗದ ಬರೆದ. ಓದುಗರು ಕೆರಳಿದರು. ವಾದ ಪ್ರತಿವಾದಗಳು ಪದ್ಯಗಳಲ್ಲಿಯೇ ನಡೆದವು. ಇದನ್ನು ಕಂಡ ಯುನೈಟೆಡ್ ಅಮೆಚೂರ್ ಪ್ರೆಸ್ ಅಸೋಸಿಯೇಷನ್ ಎಂಬ ಸಂಘದವರು 1914ರಲ್ಲಿ ಅವನನ್ನು ತಮ್ಮೊಳಗೆ ಸೇರಿಸಿಕೊಂಡರು. ಹಣದ ಆಸೆಯಿಲ್ಲದೆ, ಬಿಡುವಿನ ವೇಳೆಯಲ್ಲಿ, ಸ್ವಂತ ಖರ್ಚಿನಿಂದ ಸಣ್ಣ ಪತ್ರಿಕೆಗಳನ್ನು ಅಚ್ಚು ಹಾಕಿ ಪರಸ್ಪರ ಹಂಚಿಕೊಳ್ಳುತ್ತಿದ್ದ ಹವ್ಯಾಸಿಗಳ ಸಂಘ ಅದು. 1915ರಿಂದ 1923ರವರೆಗೆ ಲವ್‌ಕ್ರಾಫ್ಟ್ 'ದಿ ಕನ್ಸರ್ವೇಟಿವ್' ಎಂಬ ತನ್ನದೇ ಪತ್ರಿಕೆಯ 13 ಸಂಚಿಕೆಗಳನ್ನು ಹೊರತಂದ. ಎಂದೋ ಬಿಟ್ಟಿದ್ದ ಕಥೆಗಾರಿಕೆಯನ್ನು ಮತ್ತೆ ಹಿಡಿಯುವಂತೆ ಅವನನ್ನು ಒತ್ತಾಯಿಸಿದವನು ಪಾಲ್ ಕುಕ್ ಎಂಬ ಹವ್ಯಾಸಿ ಮುದ್ರಕ. 1917ರಲ್ಲಿ ಬರೆದ 'ಡೇಗನ್' ಕಥೆ ಎರಡು ವರ್ಷಗಳ ಬಳಿಕ ಈ ಕುಕ್‌ನ ಪತ್ರಿಕೆಯಲ್ಲೇ ಬೆಳಕು ಕಂಡಿತು.

ಸ್ವತಂತ್ರ ಲೇಖಕ ಎಂಬ ಮಾತನ್ನು ನಾವು ಸಲೀಸಾಗಿ ಬಳಸುತ್ತೇವೆ. ಆ ಸ್ವಾತಂತ್ರ್ಯದ ಬೆಲೆಯೇನು ಎಂಬುದನ್ನು ಲವ್‌ಕ್ರಾಫ್ಟ್‌ನ ಜೀವನ ಲೆಕ್ಕ ಸಮೇತ ತೋರಿಸಿಕೊಡುತ್ತದೆ. ಬರವಣಿಗೆ ಸಜ್ಜನನ ಹವ್ಯಾಸವೇ ಹೊರತು ಅಂಗಡಿಯ ಸರಕಲ್ಲ ಎಂಬ ಹವ್ಯಾಸಿಗಳ ತತ್ತ್ವವನ್ನು ಆತ ಜೀವನಪರ್ಯಂತ ಬಿಡಲಿಲ್ಲ. 1923ರಲ್ಲಿ 'ವಿಯರ್ಡ್ ಟೇಲ್ಸ್' ಎಂಬ ಮಾಸಪತ್ರಿಕೆ ಹುಟ್ಟಿತು. ಮರದ ತಿರುಳಿನ ಒರಟು ಕಾಗದದ ಮೇಲೆ ಅಚ್ಚಾಗಿ, ಕಣ್ಣು ಕುಕ್ಕುವ ಹೊದಿಕೆ ತೊಟ್ಟು ಬರುತ್ತಿದ್ದ ಅಗ್ಗದ ಪತ್ರಿಕೆಗಳಲ್ಲಿ ಇದೂ ಒಂದು. ಇದಕ್ಕೆ ಆತ ಐದು ಕಥೆಗಳನ್ನು ಕಳುಹಿಸಿದ. ಜೊತೆಗೆ, ಇವನ್ನು ನೀವು ಒಪ್ಪುವುದು ಅನುಮಾನ ಎಂಬ ಧಾಟಿಯ ಕಾಗದವನ್ನೂ ಲಗತ್ತಿಸಿದ. ಕಥೆಗಳು ಒಪ್ಪಿಗೆಯಾದವು, ಆದರೆ ಸಾಲುಗಳ ನಡುವೆ ಜಾಗ ಬಿಟ್ಟು ಬೆರಳಚ್ಚು ಮಾಡಿ ಕಳುಹಿಸಿ ಎಂದು ಸಂಪಾದಕ ಕೇಳಿದ. ಬೆರಳಚ್ಚು ಯಂತ್ರವೆಂದರೆ ಲವ್‌ಕ್ರಾಫ್ಟ್‌ಗೆ ಯಮಯಾತನೆ. ಗೊಣಗುತ್ತಲೇ ಒಂದು ಕಥೆಯನ್ನು ಮಾಡಿ ಕಳುಹಿಸಿದ.

ಹೊಟ್ಟೆಪಾಡಿಗೆ ಆತ ಮಾಡಿದ್ದು ಇತರರ ಬರಹವನ್ನು ತಿದ್ದುವ ಕೆಲಸ. ಎಷ್ಟೋ ವೇಳೆ ಒಂದೆರಡು ಸಾಲಿನ ಹೊಳಹನ್ನು ಹಿಡಿದು ಇಡೀ ಕಥೆಯನ್ನೇ ಬರೆದುಕೊಟ್ಟ. ಹೆಸರು ಮಾತ್ರ ಬೇರೆಯವರದು. ಪ್ರಖ್ಯಾತ ಇಂದ್ರಜಾಲಗಾರ ಹೌಡಿನಿಯ ಹೆಸರಿನಲ್ಲಿ 1924ರಲ್ಲಿ ಪ್ರಕಟವಾದ ಈಜಿಪ್ಟಿನ ಕಥೆ ವಾಸ್ತವವಾಗಿ ಇವನದು. ಅದರ ಬೆರಳಚ್ಚು ಪ್ರತಿಯನ್ನು, ಮದುವೆಗೆಂದು ನ್ಯೂಯಾರ್ಕಿಗೆ ಹೊರಟ ದಿನ, ಪ್ರಾವಿಡೆನ್ಸಿನ ರೈಲ್ವೆ ನಿಲ್ದಾಣದಲ್ಲಿ ಕಳೆದುಕೊಂಡ. ನವದಂಪತಿಗಳು ಮಧುಚಂದ್ರದ ಹೊತ್ತನ್ನು ಕಳೆದದ್ದು ಅದನ್ನು ಮತ್ತೆ ಬೆರಳಚ್ಚು ಮಾಡುವುದರಲ್ಲಿ! ಅದಕ್ಕೆ ಬಂದ ಸಂಭಾವನೆ 100 ಡಾಲರು. 'ಬಾಹ್ಯಾಕಾಶದಿಂದ ಬಂದ ಬಣ್ಣ' ಎಂದು ನಾವು ಕರೆಯಬಹುದಾದ ಕಥೆ 1927ರ ಸೆಪ್ಟೆಂಬರಿನಲ್ಲಿ, ಹ್ಯೂಗೋ ಗರ್ನ್ಸ್‌ಬ್ಯಾಕ್‌ನ 'ಅಮೇಝಿಂಗ್ ಸ್ಟೋರೀಸ್' ಪತ್ರಿಕೆಯಲ್ಲಿ ಬಂದಿತು. ತನ್ನ ಕಥೆಗಳಲ್ಲಿ ಅತ್ಯುತ್ತಮವೆಂದು ಲವ್‌ಕ್ರಾಫ್ಟ್ ಎಣಿಸಿದ್ದ ಆ ಕೃತಿಗೆ, ಹಲವು ಬೇಡಿಕೆಗಳ ನಂತರ ದೊರೆತದ್ದು 25 ಡಾಲರು. ಕೊನೆಯ ವರ್ಷಗಳಲ್ಲಿ ದಿನಕ್ಕೆ 30 ಸೆಂಟುಗಳಲ್ಲಿ ಆತ ತನ್ನ ಊಟವನ್ನು ಮುಗಿಸುತ್ತಿದ್ದ.

ಇಷ್ಟಾದರೂ ಪತ್ರಿಕೆಯ ರುಚಿಗೆ ತಕ್ಕಂತೆ ಕಥೆಯನ್ನು ಬದಲಿಸಲು ಆತ ಒಪ್ಪಲಿಲ್ಲ. 1931ರಲ್ಲಿ ಬರೆದ ಅಂಟಾರ್ಕ್ಟಿಕದ ನೀಳ್ಗತೆ 'ಅಟ್ ದಿ ಮೌಂಟನ್ಸ್ ಆಫ್ ಮ್ಯಾಡ್ನೆಸ್' ತೀರ ಉದ್ದವಾಯಿತೆಂದು 'ವಿಯರ್ಡ್ ಟೇಲ್ಸ್' ಹಿಂದಿರುಗಿಸಿತು. ಆ ಪೆಟ್ಟಿನಿಂದ ಆತ ಚೇತರಿಸಿಕೊಳ್ಳಲೇ ಇಲ್ಲ. ಕಥೆಗಳನ್ನು ಕಳುಹಿಸುವುದನ್ನೇ ಹೆಚ್ಚುಕಡಿಮೆ ನಿಲ್ಲಿಸಿದ. ಐದು ವರ್ಷಗಳ ಬಳಿಕ ಅದು 'ಅಸ್ಟೌಂಡಿಂಗ್ ಸ್ಟೋರೀಸ್'ನಲ್ಲಿ ಬಂದಾಗ ಅಲ್ಲಿನವರು ಅವನ ವಾಕ್ಯಗಳನ್ನು ಕತ್ತರಿಸಿ, ಕಂಡಿಕೆಗಳನ್ನು ತುಂಡರಿಸಿದ್ದರು. ಬಂದ ಹಣಕ್ಕಿಂತ ಆ ಗಾಯ ದೊಡ್ಡದಾಗಿತ್ತು.

ಅವನು ಬರೆದುದರಲ್ಲಿ ಹೊಸತೇನಿತ್ತು? ನಮಗೆ ಪರಿಚಿತವಾದ ಭೂತದ ಕಥೆಯಲ್ಲಿ ಭೂತಕ್ಕೊಂದು ಕಾರಣವಿರುತ್ತದೆ. ಅದು ತೀರದ ಆಸೆಯನ್ನೋ ಹಳೆಯ ಸೇಡನ್ನೋ ಹೊತ್ತು ಬಂದಿರುತ್ತದೆ. ಶಾಂತಿ ಮಾಡಿಸಿದರೆ ತೊಲಗುತ್ತದೆ. ಎಂದರೆ, ಭೂತಕ್ಕೂ ನಮ್ಮ ಮೇಲೆ ಒಂದು ಬಗೆಯ ಆಸಕ್ತಿಯಿದೆ! ಲವ್‌ಕ್ರಾಫ್ಟ್ ಆ ನೆಮ್ಮದಿಯನ್ನೂ ಕಿತ್ತುಕೊಂಡ. ಅವನ ಪ್ರಕಾರ ವಿಶ್ವಕ್ಕೆ ನಮ್ಮ ಮೇಲೆ ದ್ವೇಷವೂ ಇಲ್ಲ, ಪ್ರೀತಿಯೂ ಇಲ್ಲ. ನಾವು ಇದ್ದೇವೆಂಬುದೇ ಅದಕ್ಕೆ ಗೊತ್ತಿಲ್ಲ. ಮಾನವನ ನೀತಿನಿಯಮಗಳಿಗೆ, ರಾಗದ್ವೇಷಗಳಿಗೆ ಅಪಾರವಾದ ವಿಶ್ವದಲ್ಲಿ ಯಾವ ಬೆಲೆಯೂ ಇಲ್ಲವೆಂಬುದೇ ತನ್ನ ಕಥೆಗಳ ತಳಹದಿಯೆಂದು 1927ರಲ್ಲಿ ತನ್ನ ಸಂಪಾದಕನಿಗೆ ಆತ ಬರೆದಿದ್ದ.

'ಬಣ್ಣ'ದ ಕಥೆಯನ್ನೇ ನೋಡಿ. ಒಬ್ಬ ರೈತನ ಬಾವಿಯ ಬಳಿ ಉಲ್ಕೆಯೊಂದು ಬೀಳುತ್ತದೆ. ವಿದ್ವಾಂಸರು ಬಂದು ಪರೀಕ್ಷಿಸಿದರೂ ಅದು ಯಾವ ವಸ್ತುವೆಂದು ತಿಳಿಯುವುದಿಲ್ಲ. ಅದರೊಳಗೆ ಭೂಮಿಯ ಯಾವ ಬಣ್ಣಗಳ ಪಂಕ್ತಿಗೂ ಸೇರದ ಒಂದು ಬಣ್ಣವಿದೆ. ಆ ವರ್ಷ ತೋಟದಲ್ಲಿ ಹಣ್ಣುಗಳು ಹಿಂದೆಂದೂ ಇಲ್ಲದಂತೆ ದಪ್ಪವಾಗಿ ಬೆಳೆಯುತ್ತವೆ, ಆದರೆ ಬಾಯಿಗಿಟ್ಟರೆ ಕಹಿ. ಗಿಡಗಳು ಇರುಳಿನಲ್ಲಿ ಮಿನುಗುತ್ತವೆ. ದನಗಳು ಬೂದಿಯ ಬಣ್ಣಕ್ಕೆ ತಿರುಗಿ ಉದುರಿ ಬೀಳುತ್ತವೆ. ಆಮೇಲೆ ಮನೆಯ ಜನ. ಬಂದದ್ದು ಏಕೆ ಬಂದಿತು, ಅದಕ್ಕೇನು ಬೇಕಿತ್ತು ಎಂಬುದು ಕಡೆಗೂ ತಿಳಿಯುವುದಿಲ್ಲ. ನಗರಕ್ಕೆ ನೀರುಣಿಸಲು ಆ ಕಣಿವೆಯಲ್ಲಿ ಜಲಾಶಯವೊಂದು ಬರಲಿದೆ ಎಂಬ ಸುದ್ದಿ ಕಥೆಗೊಂದು ಚೌಕಟ್ಟು. ಈ ಕಥೆಯನ್ನು ಓದಿ ಮುಗಿಸಿದ ರಾತ್ರಿ ನಾನು ಬಾಯಾರಿದ್ದರೂ ಬಹಳ ಹೊತ್ತು ನೀರು ಕುಡಿಯಲಿಲ್ಲವೆಂಬುದನ್ನು ನಾಚಿಕೆಯಿಲ್ಲದೆ ಒಪ್ಪಿಕೊಳ್ಳುತ್ತೇನೆ. ಭಯಾನಕ ಕಥೆಯೂ ವೈಜ್ಞಾನಿಕ ಕಥೆಯೂ ಇಲ್ಲಿ ಬೇರೆಬೇರೆಯಾಗಿ ಉಳಿದಿಲ್ಲ. 1930ರಲ್ಲಿ ಪ್ಲೂಟೊ ಪತ್ತೆಯಾದ ಸುದ್ದಿ ಬಂದಾಗ ಆತ ಬರೆಯುತ್ತಿದ್ದ ಕಥೆಯೊಳಕ್ಕೆ ಅದನ್ನು ಕೂಡಲೇ ಸೇರಿಸಿಕೊಂಡ. ಹೊಸ ಅರಿವಿಗೆ ಅವನ ಕಲ್ಪನೆಯ ಬಾಗಿಲು ಸದಾ ತೆರೆದಿತ್ತು.

ಆದರೆ ಮುಚ್ಚಿದ ಬಾಗಿಲೊಂದಿತ್ತು. ಅದನ್ನು ಹೇಳದೆ ಮುಂದೆ ಹೋದರೆ ಈ ಮಾತು ಪ್ರಾಮಾಣಿಕವಾಗದು.

1924ರ ಮಾರ್ಚಿ 3ರಂದು ಲವ್‌ಕ್ರಾಫ್ಟ್ ಸೋನಿಯಾ ಗ್ರೀನ್ ಎಂಬಾಕೆಯನ್ನು ಮದುವೆಯಾದ. ಆಕೆ ಯುಕ್ರೇನಿನಲ್ಲಿ ಹುಟ್ಟಿ ಬಾಲ್ಯದಲ್ಲೇ ವಲಸೆ ಬಂದ ಯೆಹೂದಿ. ಹೆಂಗಸರ ಟೋಪಿಗಳ ವ್ಯಾಪಾರದಲ್ಲಿ ಸ್ವಶಕ್ತಿಯಿಂದ ಮೇಲೆ ಬಂದವಳು. ನ್ಯೂಯಾರ್ಕಿನಲ್ಲಿ ಸಂಸಾರ ಹೂಡಿದರು. ಆಕೆಯ ವ್ಯಾಪಾರ ನೆಲಕಚ್ಚಿತು. ಕೆಲಸವನ್ನರಸಿ ಆಕೆ ಬೇರೆ ಊರಿಗೆ ಹೋದಳು. ಇವನಿಗೆ ಯಾರೂ ಕೆಲಸ ಕೊಡಲಿಲ್ಲ. ಬ್ರೂಕ್ಲಿನ್‌ನ ಒಂಟಿ ಕೋಣೆಗೆ ಕಳ್ಳರು ನುಗ್ಗಿ ಅವನ ಬಟ್ಟೆಗಳನ್ನೂ ಕದ್ದೊಯ್ದರು. ಸುತ್ತಲೂ ನಾನಾ ದೇಶಗಳಿಂದ ಬಂದು ನೆಲೆಸಿದ ಬಡ ಜನರ ಸಂದಣಿ. ಆ ಜನಗಳನ್ನು ಕುರಿತು ಆಗ ಅವನು ಬರೆದ ಕಾಗದಗಳನ್ನು ಓದುವಾಗ ಪುಸ್ತಕ ನನ್ನ ಕೈಯಿಂದ ಜಾರಿತು. ಕರಿಯರು, ಯೆಹೂದಿಗಳು, ಏಷ್ಯದವರು ಎಲ್ಲರನ್ನೂ ಹುಳುಹುಪ್ಪಟೆಗಳಂತೆ ಕಂಡು ಬರೆದ ಮಾತುಗಳವು. 1925ರಲ್ಲಿ ಬರೆದ 'ದಿ ಹಾರರ್ ಅಟ್ ರೆಡ್ ಹುಕ್' ಕಥೆ ಆ ದ್ವೇಷದ ಹಸಿ ರೂಪ. ಬೀದಿಯ ಜನಜಂಗುಳಿಯನ್ನು ಕಂಡು ಗಂಡ ಕಿಡಿಕಾರಿದಾಗಲೆಲ್ಲ ತಾನೂ ಆ ಜನರಲ್ಲೊಬ್ಬಳೆಂದು ನೆನಪಿಸಬೇಕಾಗುತ್ತಿತ್ತೆಂದು ಸೋನಿಯಾ ತನ್ನ ನೆನಪುಗಳಲ್ಲಿ ಬರೆದಿದ್ದಾಳೆ. 1926ರ ಏಪ್ರಿಲಿನಲ್ಲಿ ಆತ ಒಬ್ಬನೇ ಪ್ರಾವಿಡೆನ್ಸಿಗೆ ಮರಳಿದ.

ಕಾಲವೇ ಹಾಗಿತ್ತು, ಎಲ್ಲರೂ ಹಾಗೆಯೇ ಯೋಚಿಸುತ್ತಿದ್ದರು ಎಂದು ಕೆಲವರು ಸಮಾಧಾನ ಹೇಳುತ್ತಾರೆ. ನನಗದು ಒಪ್ಪಿಗೆಯಾಗುವುದಿಲ್ಲ. ಜನಾಂಗಗಳಲ್ಲಿ ಮೇಲುಕೀಳೆಂಬುದಕ್ಕೆ ವಿಜ್ಞಾನದ ಆಧಾರವಿಲ್ಲವೆಂದು ಫ್ರಾನ್ಜ್ ಬೋಆಸ್‌ನಂಥ ಮಾನವಶಾಸ್ತ್ರಜ್ಞರು ಅದೇ ಕಾಲದಲ್ಲಿ, ಅದೇ ನ್ಯೂಯಾರ್ಕಿನಲ್ಲಿ ಹೇಳುತ್ತಿದ್ದರು. ಪ್ಲೂಟೊವಿನ ಸುದ್ದಿಯನ್ನು ಬಂದೊಡನೆ ಬರಮಾಡಿಕೊಂಡವನಿಗೆ ಈ ಸುದ್ದಿ ಬೇಡವಾಯಿತು. 1930ರ ಹಣಕಾಸಿನ ಮುಗ್ಗಟ್ಟಿನ ವರ್ಷಗಳಲ್ಲಿ ಅವನ ರಾಜಕೀಯ ಮಾಗಿತು. ರೂಸ್‌ವೆಲ್ಟರ ಸುಧಾರಣೆಗಳನ್ನು ಬೆಂಬಲಿಸಿ, ಸಮಾಜವಾದದ ಕಡೆಗೂ ವಾಲಿದ. ಆದರೆ ಈ ಒಂದು ವಿಷ ಇಳಿಯಲಿಲ್ಲ. ಅವನ ಎಣಿಕೆಯಲ್ಲಿ ನನಗೆ, ನಿಮಗೆ ಯಾವ ಸ್ಥಾನವಿರುತ್ತಿತ್ತೆಂಬುದನ್ನು ನಾವು ಬಲ್ಲೆವು. ಬಲ್ಲೆವಾಗಿಯೂ ಓದುವುದು ಹೇಗೆ?

ಈ ಪ್ರಶ್ನೆಗೆ ಉತ್ತರದ ಒಂದಂಶ ಅವನ ಕಥೆಗಳಲ್ಲಿಯೇ ಇದೆಯೆಂದು ನನಗನಿಸುತ್ತದೆ. 'ದಿ ಔಟ್‌ಸೈಡರ್', ಎಂದರೆ 'ಹೊರಗಿನವನು', ಎಂಬ ಕಥೆಯಲ್ಲಿ ಕತ್ತಲ ಕೋಟೆಯಿಂದ ಹೊರಬಂದ ನಿರೂಪಕನೊಬ್ಬ ದೀಪಗಳಿಂದ ಬೆಳಗುವ ಸಭಾಂಗಣವನ್ನು ಹೊಗುತ್ತಾನೆ. ಜನ ಚೀರಿ ಓಡುತ್ತಾರೆ. ಎದುರಿಗೆ ಘೋರವಾದ ಆಕೃತಿಯೊಂದು ನಿಂತಿದೆ; ಕೈ ಚಾಚಿದರೆ ಬೆರಳಿಗೆ ತಾಗುವುದು ಕನ್ನಡಿ. 'ದಿ ಶ್ಯಾಡೋ ಓವರ್ ಇನ್ಸ್‌ಮತ್'ನಲ್ಲಿ, ಕಡಲ ಜೀವಿಗಳೊಡನೆ ರಕ್ತ ಬೆರೆಸಿಕೊಂಡ ಊರವರನ್ನು ಕಂಡು ಹೇಸಿ ಓಡಿಬಂದ ತರುಣನಿಗೆ, ಆ ರಕ್ತ ತನ್ನ ಮೈಯಲ್ಲೂ ಹರಿಯುತ್ತಿದೆಯೆಂಬುದು ಕೊನೆಯಲ್ಲಿ ತಿಳಿಯುತ್ತದೆ. ಅಂಟಾರ್ಕ್ಟಿಕದ ಕಥೆಯಲ್ಲಂತೂ, ನಕ್ಷತ್ರಲೋಕದಿಂದ ಬಂದ ವಿಕಾರರೂಪದ ಜೀವಿಗಳ ಹೆಣಗಳ ಮುಂದೆ ನಿಂತ ನಿರೂಪಕನಿಗೆ ಭಯ ಕರಗಿ ಮರುಕ ಮೂಡುತ್ತದೆ. ಅರಿವಿಗಾಗಿ ಹಂಬಲಿಸಿದ ಅವರೂ ತನ್ನಂಥವರೇ ಎನಿಸುತ್ತದೆ. ತಾನು ಅಂಜಿದ ಅನ್ಯ ತನ್ನೊಳಗೇ ಇದೆಯೆಂಬುದನ್ನು ಅವನ ಲೇಖನಿ ಬಲ್ಲದಾಗಿತ್ತು; ಅವನು ಬಲ್ಲವನಾಗಿರಲಿಲ್ಲ. ಒಬ್ಬ ಮನುಷ್ಯನ ಕೃತಿ ಅವನಿಗಿಂತ ಮುಂದೆ ಹೋಗಿರುವುದು ಸಾಹಿತ್ಯದಲ್ಲಿ ಹೊಸತೇನಲ್ಲ.

ಉತ್ತರದ ಇನ್ನೊಂದಂಶ ಅವನು ಉಳಿದ ಬಗೆಯಲ್ಲಿದೆ. ಜನರನ್ನು ಗುಂಪಾಗಿ ಕಂಡು ದ್ವೇಷಿಸಿದ ಇದೇ ವ್ಯಕ್ತಿ ಒಬ್ಬೊಬ್ಬರನ್ನಾಗಿ ಕಂಡಾಗ ಅಸಾಧಾರಣ ಸ್ನೇಹಶೀಲನಾಗಿದ್ದ. ಅವನು ಬರೆದ ಕಾಗದಗಳ ಸಂಖ್ಯೆ ಒಂದು ಲಕ್ಷವೆಂದು ಅಂದಾಜು ಮಾಡಿದವರೂ ಇದ್ದಾರೆ. ಕೆಲವು ಕಾಗದಗಳು ಹತ್ತಾರು ಪುಟಗಳವು. ಕಾನನ್ ಕಥೆಗಳ ರಾಬರ್ಟ್ ಹೊವಾರ್ಡ್, ಕವಿ ಕ್ಲಾರ್ಕ್ ಆಷ್ಟನ್ ಸ್ಮಿತ್ ಮೊದಲಾದವರು ಆ ಕಾಗದಬಳಗದವರು. 1933ರಲ್ಲಿ ರಾಬರ್ಟ್ ಬ್ಲಾಕ್ ಎಂಬ ಹದಿನಾರು ವರ್ಷದ ಹುಡುಗ ಅಭಿಮಾನದಿಂದ ಬರೆದಾಗ ಲವ್‌ಕ್ರಾಫ್ಟ್ ಸಮಾನಸ್ಕಂಧನಿಗೆಂಬಂತೆ ಉತ್ತರಿಸಿ ಅವನ ಕಥೆಗಳನ್ನು ತಿದ್ದಿಕೊಟ್ಟ. ಆ ಹುಡುಗ ಒಂದು ಕಥೆಯಲ್ಲಿ ಗುರುವನ್ನು ಹೋಲುವ ಪಾತ್ರವನ್ನು ಸಾಯಿಸಿದರೆ, ಗುರು ಮತ್ತೊಂದು ಕಥೆಯಲ್ಲಿ ಶಿಷ್ಯನನ್ನು ಹೋಲುವ ಪಾತ್ರವನ್ನು ಸಾಯಿಸಿ ಲೆಕ್ಕ ಚುಕ್ತ ಮಾಡಿದ! ಹಿಚ್‌ಕಾಕನ ಚಿತ್ರದಿಂದ ಲೋಕಪ್ರಸಿದ್ಧವಾದ 'ಸೈಕೋ' ಕಾದಂಬರಿಯನ್ನು 1959ರಲ್ಲಿ ಬರೆದವನು ಈ ಬ್ಲಾಕ್. ತಾನು ಕಲ್ಪಿಸಿದ ಕಥುಲ್ಹು ಮೊದಲಾದ ದೈತ್ಯದೇವತೆಗಳನ್ನೂ, ಬಾಲ್ಯದ ಆ ಅಬ್ದುಲ್ ಅಲ್‌ಹಜ್ರೆದ್ ಬರೆದನೆಂದು ಹೇಳಿದ 'ನೆಕ್ರೊನಾಮಿಕಾನ್' ಎಂಬ ಇಲ್ಲದ ಗ್ರಂಥವನ್ನೂ ಲವ್‌ಕ್ರಾಫ್ಟ್ ಗೆಳೆಯರಿಗೆ ಧಾರಾಳವಾಗಿ ಬಳಸಲು ಬಿಟ್ಟ.

ಬದುಕಿದ್ದಾಗ ಪುಸ್ತಕವೆಂದು ಹೊರಬಂದದ್ದು ಒಂದೇ ಒಂದು. 1936ರಲ್ಲಿ ವಿಲಿಯಂ ಕ್ರಾಫರ್ಡ್ ಎಂಬ ತರುಣ ಮುದ್ರಕ ಇನ್ಸ್‌ಮತ್ ಕಥೆಯ 400 ಪ್ರತಿಗಳನ್ನು ಅಚ್ಚು ಹಾಕಿದ. ಹೊಲಿದು ರಟ್ಟು ಹಾಕಿದ್ದು ಅದರಲ್ಲಿ ಅರ್ಧದಷ್ಟು. ಅಚ್ಚಿನ ತಪ್ಪುಗಳು ಎಷ್ಟಿದ್ದವೆಂದರೆ ತಪ್ಪು ಒಪ್ಪುಗಳ ಪಟ್ಟಿಯೊಂದನ್ನು ಜೊತೆಗಿಡಬೇಕಾಯಿತು. ಅದಾದ ಮರುವರ್ಷವೇ, 1937ರ ಮಾರ್ಚಿ 15ರಂದು, ಕರುಳಿನ ಅರ್ಬುದರೋಗದಿಂದ ಲವ್‌ಕ್ರಾಫ್ಟ್ ತೀರಿಕೊಂಡ. ವಯಸ್ಸು 46.

ಕಥೆ ಅಲ್ಲಿಗೇ ಮುಗಿಯಬಹುದಾಗಿತ್ತು. ಒರಟು ಕಾಗದದ ಪತ್ರಿಕೆಗಳು ಕೆಲವೇ ವರ್ಷಗಳಲ್ಲಿ ಪುಡಿಯಾಗುವಂಥವು. ಮುಗಿಯದಂತೆ ನೋಡಿಕೊಂಡವರು ಕಾಗದಬಳಗದ ತರುಣರು. ಹದಿಮೂರನೆಯ ವಯಸ್ಸಿನಿಂದ ಅವನೊಡನೆ ಪತ್ರವ್ಯವಹಾರ ನಡೆಸಿದ್ದ ರಾಬರ್ಟ್ ಬಾರ್ಲೋಗೆ ಆಗಿನ್ನೂ ಹದಿನೆಂಟು. ಹಸ್ತಪ್ರತಿಗಳ ಹೊಣೆಯನ್ನು ಲವ್‌ಕ್ರಾಫ್ಟ್ ಬಿಟ್ಟುಹೋದದ್ದು ಅವನ ಕೈಯಲ್ಲಿ. ಅವನು ಅವುಗಳನ್ನು ಬ್ರೌನ್ ವಿಶ್ವವಿದ್ಯಾನಿಲಯದ ಜಾನ್ ಹೇ ಗ್ರಂಥಾಲಯಕ್ಕೆ ಒಪ್ಪಿಸಿದ. ಆಗಸ್ಟ್ ಡೆರ್ಲೆತ್ ಮತ್ತು ಡೊನಾಲ್ಡ್ ವಾಂಡ್ರೈ ಎಂಬಿಬ್ಬರು ಕಥೆಗಳನ್ನು ಸಂಕಲಿಸಿ ದೊಡ್ಡ ಪ್ರಕಾಶಕರ ಬಾಗಿಲು ತಟ್ಟಿದರು. ಯಾರೂ ಒಲ್ಲರಾದಾಗ 1939ರಲ್ಲಿ ಆರ್ಕಮ್ ಹೌಸ್ ಎಂಬ ಪ್ರಕಾಶನವನ್ನು ತಾವೇ ತೆರೆದರು. ಮೊದಲ ಪುಸ್ತಕ 'ಹೊರಗಿನವನು ಮತ್ತು ಇತರ ಕಥೆಗಳು'. ಅಚ್ಚಾದದ್ದು 1,268 ಪ್ರತಿಗಳು. ಅಷ್ಟು ಮಾರಾಟವಾಗಲು ವರ್ಷಗಳೇ ಹಿಡಿದವು. ಲವ್‌ಕ್ರಾಫ್ಟನನ್ನು ಡೆರ್ಲೆತ್ ಒಮ್ಮೆಯೂ ಕಣ್ಣಾರೆ ಕಂಡಿರಲಿಲ್ಲ ಎಂಬುದನ್ನು ನೆನೆದರೆ ಈ ಸಾಹಸದ ತೂಕ ತಿಳಿದೀತು.

ಈಗ ಮೊದಲಿನ ಜೋಷಿಯವರ ಬಳಿಗೆ ಬರೋಣ. ಸುನಂದ ತ್ರ್ಯಂಬಕ ಜೋಷಿಯವರು ಹುಟ್ಟಿದ್ದು 1958ರಲ್ಲಿ, ಪುಣೆಯಲ್ಲಿ. ಎಳವೆಯಲ್ಲೇ ತಂದೆತಾಯಿಗಳೊಡನೆ ಅಮೆರಿಕಕ್ಕೆ ಹೋದರು. ಹದಿಹರೆಯದಲ್ಲಿ ಲವ್‌ಕ್ರಾಫ್ಟನನ್ನು ಓದಿ ಮಾರುಹೋದ ಅವರು, ಅವನ ಹಸ್ತಪ್ರತಿಗಳಿದ್ದ ಬ್ರೌನ್ ವಿಶ್ವವಿದ್ಯಾನಿಲಯವನ್ನೇ ಓದಿಗೆ ಆರಿಸಿಕೊಂಡರು. ಆ ಹಸ್ತಪ್ರತಿಗಳನ್ನು ಮುದ್ರಿತ ಪಾಠಗಳೊಡನೆ ಅಕ್ಷರಕ್ಕಕ್ಷರ ಹೋಲಿಸಿದರು. ಸಂಪಾದಕರು ಕತ್ತರಿಸಿದ ವಾಕ್ಯಗಳು, ಮೊಳೆ ಜೋಡಿಸುವವರ ತಪ್ಪುಗಳು ಒಂದೊಂದಾಗಿ ಸರಿಹೋದವು. ತಿದ್ದಿದ ಪಾಠದ ಸಂಪುಟಗಳು 1984ರಿಂದ ಹೊರಬಂದವು; 1996ರಲ್ಲಿ ಬೃಹತ್ತಾದ ಜೀವನಚರಿತ್ರೆ ಬಂದಿತು. ನಮ್ಮಲ್ಲಿ ಹಳೆಗನ್ನಡ ಕಾವ್ಯಗಳ ಪಾಠ ನಿರ್ಣಯಕ್ಕೆ ವಿದ್ವಾಂಸರು ತೆತ್ತ ಕಣ್ಣುಗಳನ್ನು ಬಲ್ಲವರಿಗೆ ಈ ಕೆಲಸದ ಬೆಲೆಯನ್ನು ವಿವರಿಸಬೇಕಾಗಿಲ್ಲ. 2005ರಲ್ಲಿ 'ಲೈಬ್ರರಿ ಆಫ್ ಅಮೆರಿಕ'ದ ಮಾಲೆಯಲ್ಲಿ ಲವ್‌ಕ್ರಾಫ್ಟ್ ಸೇರಿದಾಗ, ಬದುಕಿದ್ದಾಗ ರಟ್ಟು ಕಾಣದ ಕಥೆಗಳು ಆ ದೇಶದ ಅಭಿಜಾತ ಲೇಖಕರ ಸಾಲಿನಲ್ಲಿ ಕುಳಿತವು.

ವಿವಾದ ಮುಗಿಯಿತೆಂದಲ್ಲ. 1975ರಿಂದ ವಿಶ್ವ ಫ್ಯಾಂಟಸಿ ಪ್ರಶಸ್ತಿಯಾಗಿ ಕೊಡುತ್ತಿದ್ದುದು ಲವ್‌ಕ್ರಾಫ್ಟ್‌ನ ತಲೆಯ ಪುತ್ಥಳಿ. 2011ರಲ್ಲಿ ಅದನ್ನು ಪಡೆದ ನೈಜೀರಿಯ ಮೂಲದ ಲೇಖಕಿ ನೆಡಿ ಒಕೊರಾಫರ್, ಕರಿಯರನ್ನು ಹೀಗಳೆದವನ ಮುಖವನ್ನು ಗೌರವವೆಂದು ಮನೆಯಲ್ಲಿಡುವ ಸಂಕಟವನ್ನು ಬರೆದು ತೋಡಿಕೊಂಡರು. 2015ರಲ್ಲಿ ಪುತ್ಥಳಿಯನ್ನು ಕೈಬಿಡುವ ನಿರ್ಧಾರ ಪ್ರಕಟವಾಯಿತು. ಅದನ್ನು ಪ್ರತಿಭಟಿಸಿ ತಮ್ಮ ಪ್ರಶಸ್ತಿಗಳನ್ನು ಹಿಂದಿರುಗಿಸಿದವರು ಜೋಷಿಯವರು! 2016ರಲ್ಲಿ ವಿಕ್ಟರ್ ಲಾವಾಲ್ ಎಂಬ ಕರಿಯ ಲೇಖಕ ಅದೇ ರೆಡ್ ಹುಕ್ ಕಥೆಯನ್ನು ಕರಿಯ ತರುಣನೊಬ್ಬನ ಕಣ್ಣಿನಿಂದ ಮತ್ತೆ ಬರೆದ. ಪುತ್ಥಳಿಯನ್ನು ತೆಗೆದದ್ದು ಸರಿಯೆಂದೇ ನನ್ನ ಎಣಿಕೆ. ಪ್ರಶಸ್ತಿಯನ್ನು ಪಡೆಯುವವರ ಮಾನವನ್ನು ಅದು ಕಾಯಬೇಕು. ಆದರೆ ಪುತ್ಥಳಿ ಬೇರೆ, ಪುಸ್ತಕ ಬೇರೆ. ಪುತ್ಥಳಿಗೆ ಕೈಮುಗಿಯಬೇಕು, ಇಲ್ಲವೇ ಇಳಿಸಬೇಕು. ಪುಸ್ತಕದೊಡನೆ ಜಗಳವಾಡಬಹುದು, ಲಾವಾಲ್ ಆಡಿದಂತೆ.

ನನ್ನ ಮೇಜಿನ ಮೇಲೆ ಆ ಹಳೆಯ ಸಂಕಲನ ಇನ್ನೂ ಇದೆ. ಮುಖಪುಟದಲ್ಲಿ ಎರಡು ಹೆಸರುಗಳು. ಒಂದು, ಹೊರಗಿನವರು ಬಂದರೆಂದು ನಡುಗಿದವನದು. ಮತ್ತೊಂದು, ಹೊರಗಿನಿಂದ ಬಂದು ಅವನ ಒಂದೊಂದು ಅಲ್ಪವಿರಾಮವನ್ನೂ ಜೋಪಾನ ಮಾಡಿದವರದು. ಆ ಎರಡು ಹೆಸರುಗಳನ್ನು ಒಟ್ಟಿಗೆ ನೋಡದೆ ನಾನು ಆ ಪುಸ್ತಕವನ್ನು ತೆರೆಯುವುದಿಲ್ಲ.